ಗುಜರಿಗೆ ಹೋಗಬೇಕಾದದ್ದು ಹಳೆಯ ಸೈಕಲ್ಲಲ್ಲ

ಕಡಾಣಿ ಸವೆಯಿತೆಂದು ಗಾಡಿಯನ್ನೇ ಸುಡುವ ರೈತ ಎಲ್ಲಿಯೂ ಇಲ್ಲ. ಆದರೆ ಸೈಕಲ್ಲಿನ ವಿಷಯದಲ್ಲಿ ನಡೆಯುತ್ತಿರುವುದು ಇದೇ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಹುಲ್ಲಿನ ಹೊರೆ, ಹಾಲಿನ ಕ್ಯಾನು, ಶಾಲೆಯ ಮಗು ಎಲ್ಲವನ್ನೂ ಹೊತ್ತ ಕಪ್ಪು ಉಕ್ಕಿನ ಸೈಕಲ್ಲುಗಳು ಕೊಟ್ಟಿಗೆಯ ಮೂಲೆ ಸೇರಿ, ಅಲ್ಲಿಂದ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಸವೆದಿರುವುದು ಗಾಲಿ, ಚೈನು, ಫ್ರೀವೀಲ್. ತುಕ್ಕು ತಿನ್ನದ ಉಕ್ಕಿನ ಚೌಕಟ್ಟು ಇನ್ನೊಂದು ತಲೆಮಾರಿಗೆ ಸಾಲುವಷ್ಟು ಗಟ್ಟಿಯಾಗಿದೆ. ಸವೆದ ಭಾಗಕ್ಕಾಗಿ ಸವೆಯದ ಭಾಗವನ್ನೂ ಎಸೆಯುವ ಈ ಪದ್ಧತಿಯನ್ನು ಪ್ರಗತಿಯೆಂದು ಕರೆಯಲಾಗದು.

ಹಳೆಯ ಸೈಕಲ್ಲಿನ ಮೇಲೆ ಒಂದು ನ್ಯಾಯವಾದ ದೂರು ಇದೆ: ಅದು ಏರು ಹತ್ತದು. ವಿಶ್ವೇಶ್ವರಯ್ಯ ನಾಲೆಯ ಬದಿಯ ಸಮತಟ್ಟಾದ ದಾರಿಗೆ ಒಂದೇ ಗೇರು ಸಾಕು. ಮೇಲುಕೋಟೆಯ ಏರಿಗೆ, ನಾಗಮಂಗಲದ ಒಣಭೂಮಿಯ ದಿಬ್ಬಗಳಿಗೆ, ಮಲೆನಾಡಿನ ಯಾವುದೇ ಘಾಟಿಗೆ ಅದು ಸಾಲದು. ಕಾರಣ ಸರಳ ಗಣಿತ. ಮುಂದೆ 48, ಹಿಂದೆ 18 ಹಲ್ಲುಗಳಿರುವ 28 ಇಂಚಿನ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು 6 ಮೀಟರು ಸಾಗುತ್ತದೆ. ಹಿಂದೆ 28 ಹಲ್ಲಿನ ಗೇರೊಂದಿದ್ದರೆ ಅದೇ ಸುತ್ತಿಗೆ ಸುಮಾರು 3.8 ಮೀಟರು ಮಾತ್ರ ಸಾಗುತ್ತದೆ. ತುಳಿತದ ಭಾರ ಮೂರನೇ ಒಂದು ಪಾಲಿಗೂ ಹೆಚ್ಚು ಇಳಿಯುತ್ತದೆ. ದೂರಿಗೆ ಪರಿಹಾರ ಹೊಸ ಸೈಕಲ್ಲಲ್ಲ, ಹೊಸ ಗೇರು. ಆದುದರಿಂದ ಮಲೆನಾಡಿನ ಓದುಗರು ಇದನ್ನು ಬಯಲುಸೀಮೆಯ ಮಾತೆಂದು ಬದಿಗಿಡಬೇಕಿಲ್ಲ.

‘ಹೊಸ ಭಾಗ ಹಳೆಯದಕ್ಕೆ ಕೂರುವುದಿಲ್ಲ’ ಎಂಬುದು ಮಾರುವವರ ಸಿದ್ಧ ಉತ್ತರ. ಇದು ಅರ್ಧ ಸತ್ಯ. ಅರ್ಧ ಸತ್ಯವಾದುದರಿಂದಲೇ ಅಪಾಯಕಾರಿ. ಹಳೆಯ 28 × 1½ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರು. ಇಂದಿನ ರಸ್ತೆ ಸೈಕಲ್ಲಿನದು 622. ಹಳೆಯ ಹಿಂಗಾಲಿಗೆ ಸಾಮಾನ್ಯವಾಗಿ 40 ಕಡ್ಡಿ, ಮುಂಗಾಲಿಗೆ 32. ಹೊಸ ಹಬ್‌ಗಳಲ್ಲಿ ಹೆಚ್ಚಾಗಿ 36 ಇಲ್ಲವೇ 32 ತೂತು. ಹಲವು ಗೇರಿನ ಹಿಂದಿನ ಹಬ್ಬಿನ ಅಗಲ 130 ಅಥವಾ 135 ಮಿಲಿಮೀಟರು. ಹಳೆಯ ಚೌಕಟ್ಟಿನ ಹಿಂಗವೆ ಅದಕ್ಕಿಂತ ಕಿರಿದು. ಹಳೆಯ ಚೈನಿನ ಒಳಗಲ ಎಂಟನೇ ಒಂದು ಇಂಚು. ಗೇರಿನ ಚೈನು ಅದಕ್ಕಿಂತ ಕಿರಿದಾಗಿ ಮುಂದಿನ ದಪ್ಪ ಹಲ್ಲುಚಕ್ರದ ಮೇಲೆ ಕೂರದು. ತೊಡಕುಗಳು ಇಷ್ಟೇ. ಇವುಗಳಲ್ಲಿ ಒಂದೂ ಬಗೆಹರಿಯದ್ದಲ್ಲ.

ಉಕ್ಕು ಮಣಿಯುವ ಲೋಹ. ಅನುಭವಿ ಕೈಯೊಂದು ಹಿಂಗವೆಯನ್ನು ಎರಡೂ ಬದಿಗೆ ಸಮನಾಗಿ ಅಗಲಿಸಿ, ತುದಿಗಳನ್ನು ಮತ್ತೆ ಸಮಾನಾಂತರಕ್ಕೆ ತರಬಲ್ಲದು. ಅಲ್ಯೂಮಿನಿಯಮ್ ಚೌಕಟ್ಟಿನಲ್ಲಿ ಈ ಕೆಲಸ ಮಾಡಿದರೆ ಬಿರುಕು ಬಿಡುವ ಅಪಾಯವಿದೆ. ಕಾಟರ್ ಪಿನ್ನಿನ ಕ್ರ್ಯಾಂಕನ್ನು ಅಚ್ಚಿನ ಸಮೇತ ಬದಲಿಸಿದರೆ ತೆಳುವಾದ ಹಲ್ಲುಚಕ್ರ ಹಾಕಲು ದಾರಿಯಾಗುತ್ತದೆ. ಇಷ್ಟೂ ಬೇಡವೆಂದರೆ ಹಬ್ಬಿನ ಒಳಗೇ ಗೇರಿರುವ ಗಾಲಿಯಿದೆ. ಅದಕ್ಕೆ ಹಳೆಯ ದಪ್ಪ ಚೈನೇ ಸಾಕು. ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಮೂರು ಗೇರಿನ ಹಬ್ ಬಂದದ್ದು 1902ರಲ್ಲಿ. ಅಂದರೆ ಗೇರು ಹೊಸ ಆವಿಷ್ಕಾರವಲ್ಲ. ಭಾರತದ ಹಳ್ಳಿಗರ ಸೈಕಲ್ಲಿಗೆ ಅದನ್ನು ಕೊಡುವ ಅಗತ್ಯವಿಲ್ಲವೆಂದು ಮಾರುಕಟ್ಟೆ ತೀರ್ಮಾನಿಸಿತ್ತು, ಅಷ್ಟೇ.

ಒಂದು ಎಚ್ಚರಿಕೆಯನ್ನು ಮಾತ್ರ ಮೀರಬಾರದು. ಹಳೆಯ ರಾಡ್ ಬ್ರೇಕು ಹಿಡಿಯುವುದು ರಿಮ್ಮಿನ ಒಳಮೈಯನ್ನು. ಹೊಸ ರಿಮ್ಮು ಹಿಡಿತಕ್ಕೆ ಒಡ್ಡುವುದು ಪಕ್ಕೆಯನ್ನು. ರಿಮ್ಮು ಬದಲಿಸಿ ಬ್ರೇಕು ಬದಲಿಸದವನು ಏರು ಹತ್ತಬಹುದು, ಇಳಿಜಾರಿನಲ್ಲಿ ಉಳಿಯಲಾರ. ಹೊಸ ಬ್ರೇಕಿಗೆ ಅನುಕೂಲವಿಲ್ಲದಿದ್ದರೆ 635ರ ರಿಮ್ಮನ್ನೇ ಉಳಿಸಿಕೊಂಡು ಹಬ್ ಮತ್ತು ಗೇರನ್ನಷ್ಟೇ ಬದಲಿಸುವುದು ವಿವೇಕ. ಆ ಅಳತೆಯ ಟೈರು ಇಂದಿಗೂ ಹಳ್ಳಿಪೇಟೆಯಲ್ಲಿ ಸಿಗುತ್ತದೆ.

ಇನ್ನು ಸರ್ಕಾರದ ಮಾತು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಹೆಣ್ಣುಮಕ್ಕಳ ಓದಿಗೆ ಅದರಿಂದಾದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ವರ್ಷವರ್ಷವೂ ಹೊಸ ಸೈಕಲ್ ಹಂಚಿದ ಯೋಜನೆ ಅದನ್ನು ದುರಸ್ತಿ ಮಾಡುವ ವಿದ್ಯೆಯನ್ನು ಹಂಚಲಿಲ್ಲ. 2020ರ ಕೋವಿಡ್ ಹೊತ್ತಿಗೆ ವಿತರಣೆ ನಿಂತಾಗ ಹಳ್ಳಿಯ ಕೈಯಲ್ಲಿ ಉಳಿದದ್ದು ಸೈಕಲ್ಲೂ ಅಲ್ಲ, ಕಸುಬೂ ಅಲ್ಲ. ಅದೇ 2020ರಲ್ಲಿ ಫ್ರಾನ್ಸ್ ದೇಶ ಹಳೆಯ ಸೈಕಲ್ಲನ್ನು ದುರಸ್ತಿ ಮಾಡಿಸಿಕೊಳ್ಳುವವರಿಗೆ 50 ಯೂರೋ ನೆರವು ಕೊಟ್ಟಿತು. ಕೇಂದ್ರ ಸರ್ಕಾರ 2022ರಲ್ಲಿ ‘ದುರಸ್ತಿಯ ಹಕ್ಕಿ’ನ ಚೌಕಟ್ಟಿಗೆ ಸಮಿತಿ ರಚಿಸಿದಾಗ ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ಮೋಟಾರು ವಾಹನಗಳನ್ನು ಹೆಸರಿಸಿತು, ಬಡವನ ವಾಹನ ನೆನಪಾಗಲಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥವನ್ನು ಮೋಟಾರಿಲ್ಲದ ವಾಹನಗಳಿಗೆ ಮುಚ್ಚುವಾಗ ಮಾತ್ರ ಅದು ನೆನಪಾಯಿತು.

ಹಳೆಯದನ್ನು ಹಾಗೆಯೇ ಉಳಿಸಬೇಕು, ಹೊಸ ಭಾಗ ಸೇರಿಸಿದರೆ ಅಂದ ಕೆಡುತ್ತದೆ ಎನ್ನುವ ಸಂಗ್ರಹಕಾರರೂ ಇದ್ದಾರೆ. ಗೋಡೆಗೆ ನೇತುಹಾಕಿದ ಸೈಕಲ್ಲಿಗೆ ಆ ಮಾತು ಒಪ್ಪಬಹುದು. ನೀರು, ಹುಲ್ಲು, ಹಾಲು ಹೊರುವ ಸೈಕಲ್ಲಿಗೆ ಅಂದವೆಂದರೆ ಓಡುವುದೇ.

ಆಗಬೇಕಾದ ಕೆಲಸಗಳು ದೊಡ್ಡವಲ್ಲ. ಐಟಿಐಗಳ ಫಿಟ್ಟರ್ ತರಬೇತಿಯಲ್ಲಿ ಗಾಲಿಗೆ ಕಡ್ಡಿ ಕಟ್ಟುವುದು, ಹಿಂಗವೆ ತಿದ್ದುವುದು ಸೇರಲಿ. ಪ್ರತಿ ಪ್ರೌಢಶಾಲೆಯಲ್ಲಿ ಒಂದು ಪೆಟ್ಟಿಗೆ ಉಪಕರಣವಿರಲಿ. ತಯಾರಕರು ಪ್ರತಿ ಬಿಡಿಭಾಗದ ಮೇಲೆ ಅಳತೆಯನ್ನು ಅಚ್ಚುಮಾಡಲಿ. 2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ದುಬಾರಿಯೆಂಬ ನೆಪವೂ ತೆಳುವಾಗಿದೆ. ವಿದ್ಯಾರ್ಥಿಗಳು ಮೊದಲು ಮಾಡಬೇಕಾದದ್ದು ಇಷ್ಟೇ: ಮನೆಯ ಹಳೆಯ ಸೈಕಲ್ಲನ್ನು ಗುಜರಿಯವನಿಗೆ ತೂಗಿಸುವ ಮುನ್ನ ಅದರ ಟೈರಿನ ಪಕ್ಕೆಯ ಅಂಕಿಯನ್ನು ಓದುವುದು, ಹಿಂಗವೆಯ ಅಗಲವನ್ನು ಅಳೆಯುವುದು. ಅಳತೆ ಗೊತ್ತಿದ್ದವನನ್ನು ಯಾವ ಅಂಗಡಿಯೂ ‘ಕೂರುವುದಿಲ್ಲ’ ಎಂದು ಬರಿಗೈಯಲ್ಲಿ ಕಳಿಸಲಾರದು. ಗುಜರಿಗೆ ಹೋಗಬೇಕಾದದ್ದು, ಸವೆದದ್ದನ್ನೆಲ್ಲ ಎಸೆ ಎಂದು ಕಲಿಸುವ ಆ ಬುದ್ಧಿ.