ಮಳೆಯ ಸುದ್ದಿಯಂತೆ ಸೂರ್ಯನ ಸುದ್ದಿಯೂ ಬೇಕು

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪೇರಿತು. ಸಾಮಾನ್ಯವಾಗಿ ಧ್ರುವಗಳ ಆಸುಪಾಸಿನಲ್ಲಷ್ಟೇ ಕಾಣುವ ಆ ಬೆಳಕನ್ನು ಅಲ್ಲಿ ಸೆರೆಹಿಡಿದದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ಯಾಮೆರಾ. ಚಿತ್ರ ನೋಡಿದವರೆಲ್ಲ ಬೆರಗಾದರು. ಅದೇ ಹೊತ್ತಿನಲ್ಲಿ ಹಾಸನದ ಇಸ್ರೊ ನಿಯಂತ್ರಣ ಕೇಂದ್ರ ನಮ್ಮ ಭೂಸ್ಥಿರ ಉಪಗ್ರಹಗಳ ಮೇಲೆ ಕಣ್ಣಿಟ್ಟು ಕೂತಿತ್ತು. ದೊಡ್ಡ ಹಾನಿ ಆಗಲಿಲ್ಲ.

ಇದಕ್ಕೆಲ್ಲ ಕಾರಣ ಸೂರ್ಯ. ಅದರ ಮೇಲಿನ ಕಲೆಗಳ ಒಂದು ದೊಡ್ಡ ಗುಂಪು ಒಂದರ ಹಿಂದೊಂದು ಪ್ಲಾಸ್ಮಾ ಮೋಡಗಳನ್ನು ಇತ್ತ ಉಗುಳಿತ್ತು. ಅವು ಬಡಿದು ಭೂಮಿಯ ಕಾಂತಕ್ಷೇತ್ರ ಅಲುಗಾಡಿತು. 2003ರ ನಂತರ ಅಷ್ಟು ಪ್ರಬಲ ಸೌರ ಬಿರುಗಾಳಿ ಬೀಸಿರಲಿಲ್ಲ.

ಇಂಥ ಬಿರುಗಾಳಿಯ ಪೆಟ್ಟು ಎಂಥದೆಂದು ಕೆನಡಾದ ಕ್ವಿಬೆಕ್ ಬಲ್ಲದು. 1989ರ ಮಾರ್ಚ್ 13ರ ನಸುಕಿನಲ್ಲಿ ಅಲ್ಲಿನ ವಿದ್ಯುತ್ ಜಾಲ ಸುಮಾರು 90 ಸೆಕೆಂಡಿನಲ್ಲಿ ಕುಸಿಯಿತು. 60 ಲಕ್ಷ ಜನರಿಗೆ ಸುಮಾರು 9 ಗಂಟೆ ಕರೆಂಟಿರಲಿಲ್ಲ. 2022ರ ಫೆಬ್ರವರಿಯಲ್ಲಿ ಬಂದದ್ದು ಸಣ್ಣ ಬಿರುಗಾಳಿ. ಅದರ ಕಾವಿಗೆ ಮೇಲ್ವಾತಾವರಣ ಉಬ್ಬಿ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ನಾಶವಾದವು.

ನಾವು ಧ್ರುವದಿಂದ ದೂರ, ನಮಗೇನು ಭಯ ಎನ್ನುವವರಿದ್ದಾರೆ. ವಿದ್ಯುತ್ ಜಾಲದ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಮೇಲ್ವಾತಾವರಣದ ವಿದ್ಯುದಾವೇಶದ ಪದರವಾದ ಅಯಾನುಗೋಳದ ಚಂಚಲತೆ ಹೆಚ್ಚಿರುವುದು ಕಾಂತೀಯ ಸಮಭಾಜಕದ ಈ ನೆರೆಯಲ್ಲೇ. ಅದು ಕದಡಿದರೆ ಜಿಪಿಎಸ್ ಹೇಳುವ ಜಾಗ ತಪ್ಪುತ್ತದೆ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ ಬೋಟು ದಡದ ದಾರಿ ಹುಡುಕುವುದು ಅದೇ ಜಿಪಿಎಸ್ ನೆಚ್ಚಿಕೊಂಡು.

ಕಾವಲಿಗೆ ಇಸ್ರೊದ ಸೌರ ವೀಕ್ಷಣಾ ನೌಕೆ ಆದಿತ್ಯ ಎಲ್-1 ಇದೆ. 2023ರ ಸೆಪ್ಟೆಂಬರ್ 2ರಂದು ಹೊರಟು, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಠಾವು ಸೇರಿತು. ಸೂರ್ಯನ ಹೊರಾವರಣವಾದ ಕರೋನಾವನ್ನು ನೋಡುವ ಅದರ ಮುಖ್ಯ ಉಪಕರಣ ಸಿದ್ಧವಾದದ್ದು ನಮ್ಮ ಹೊಸಕೋಟೆಯಲ್ಲಿ. ಸೂರ್ಯನಿಂದ ಹೊರಟ ಪ್ಲಾಸ್ಮಾ ಮೋಡ ಭೂಮಿಯನ್ನು ಮುಟ್ಟಲು ಸಾಮಾನ್ಯವಾಗಿ 1ರಿಂದ 3 ದಿನ ಬೇಕು. ಎಚ್ಚರಗೊಳ್ಳಲು ನಮಗಿರುವ ಗಡುವು ಅಷ್ಟೇ.

ಆ ಗಡುವು ವಿಜ್ಞಾನಿಗಳ ಕಂಪ್ಯೂಟರಿನಲ್ಲೇ ಕಳೆದುಹೋಗಬಾರದು. ಚಂಡಮಾರುತದ ಸುಳಿವು ಸಿಕ್ಕೊಡನೆ ಬಂದರಿನಲ್ಲಿ ಎಚ್ಚರಿಕೆಯ ಗುರುತು ಏರುತ್ತದೆ. ಸೌರ ಬಿರುಗಾಳಿಯ ಮುನ್ಸೂಚನೆಯೂ ಹಾಗೆಯೇ ಪತ್ರಿಕೆಯ ಹವಾಮಾನ ವರದಿಯಲ್ಲಿ, ಬಂದರಿನ ಫಲಕದಲ್ಲಿ, ಬೋಟಿನವರಿಗೆ ಅರ್ಥವಾಗುವ ಕನ್ನಡದಲ್ಲಿ ಬರಬೇಕು.

ಸೂರ್ಯನ ಚಟುವಟಿಕೆಗೆ ಸುಮಾರು 11 ವರ್ಷಗಳ ಏರಿಳಿತವಿದೆ. ಈ ಸಲದ ಏರು ಮುಗಿಯಿತೆಂದು ಮೈಮರೆಯುವುದು ಬೇಡ. 2003ರ ಬಿರುಗಾಳಿ ಎದ್ದದ್ದು ಇಳಿತದ ಕಾಲದಲ್ಲೇ.