ಒಂದು ದಾರ, ಐದು ಹುಸಿಮೀನು: ಛತ್ರಿಗಾಳಕ್ಕೆ ಪಂದ್ಯದಲ್ಲಿ ಜಾಗ ಬೇಕೇ?

2011ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಗಂಟರ್ಸ್‌ವಿಲ್ ಸರೋವರದಲ್ಲಿ ನಡೆದ ಎಫ್‌ಎಲ್‌ಡಬ್ಲ್ಯು ಸಂಸ್ಥೆಯ ಬಾಸ್ ಮೀನು ಹಿಡಿಯುವ ಪಂದ್ಯವನ್ನು ಪಾಲ್ ಎಲಿಯಾಸ್ ಗೆದ್ದರು. ನಾಲ್ಕು ದಿನಕ್ಕೆ 20 ಬಾಸ್ ಮೀನು, ತೂಕ 102 ಪೌಂಡ್ 8 ಔನ್ಸ್. ಅವರು ಎಸೆದದ್ದು ಆಂಡಿ ಪಾಸ್ ರೂಪಿಸಿದ ‘ಅಲಬಾಮಾ ರಿಗ್’ ಎಂಬ ಛತ್ರಿಗಾಳ. ತೂಕದ ತಲೆಯೊಂದರಿಂದ ಛತ್ರಿಕಡ್ಡಿಗಳ ಹಾಗೆ ಐದು ತಂತಿ ಹರಡಿಕೊಂಡಿರುತ್ತವೆ, ಪ್ರತಿ ತಂತಿಯ ತುದಿಗೂ ಕೊಕ್ಕೆ ಸಿಕ್ಕಿಸಿದ ಒಂದೊಂದು ರಬ್ಬರ್ ಮೀನು. ಸ್ವಲ್ಪ ದಿನಕ್ಕೇ, ಇಂಥ ಪಂದ್ಯಗಳನ್ನು ನಡೆಸುವ ಇನ್ನೊಂದು ಸಂಸ್ಥೆಯಾದ ಬ್ಯಾಸ್ ತನ್ನ ದೊಡ್ಡ ಪಂದ್ಯಗಳಿಂದ ಇದನ್ನು ಹೊರಗಿಟ್ಟಿತು.

ಪರ

ಕೊಕ್ಕೆ ಎಣಿಸುವುದಾದರೆ ಎಲ್ಲರದ್ದೂ ಎಣಿಸಿ. ಯಾರೂ ತಕರಾರು ತೆಗೆಯದ, ಮೀನಿನಾಕಾರದ ಗಟ್ಟಿ ಎರೆಯಾದ ಕ್ರ್ಯಾಂಕ್‌ಬೈಟ್‌ಗೆ ಸಾಮಾನ್ಯವಾಗಿ ಮೂರು ಮೊನೆಯ ಕೊಕ್ಕೆ ಎರಡು, ಅಂದರೆ ಆರು ಮೊನೆ. ಛತ್ರಿಯಲ್ಲಿರುವುದು ಒಂಟಿ ಮೊನೆಯ ಐದು. ಅದೂ ಹೆಚ್ಚಾಯಿತೆಂದರೆ ಟೆನ್ನೆಸಿಯ ಕಾನೂನು ಇದೆಯಲ್ಲ: ಕೊಕ್ಕೆ ಮೂರೇ ಇರಬೇಕು. ಅಲ್ಲಿನವರು ಉಳಿದೆರಡು ತಂತಿಗೆ ಕೊಕ್ಕೆಯಿಲ್ಲದ ರಬ್ಬರ್ ಮೀನು ಕಟ್ಟಿಕೊಂಡು ನೆಮ್ಮದಿಯಾಗಿ ಹಿಡಿಯುತ್ತಾರೆ.

ಈ ಗಾಳ ಎಸೆದಲ್ಲೆಲ್ಲ ಮೀನು ಬೀಳುತ್ತದೆಂಬುದು ಎಸೆದು ನೋಡದವರ ಮಾತು. ನೀರು ತಣ್ಣಗಾದಾಗ ಬಾಸ್ ತಳಕ್ಕೂ ಇಳಿಯದೆ ಮೇಲಕ್ಕೂ ಬಾರದೆ ನಡುನೀರಿನಲ್ಲಿ, ತಾನು ತಿನ್ನುವ ಶ್ಯಾಡ್ ಮೀನುಗಳ ಹಿಂಡಿನ ಆಸುಪಾಸು ನಿಲ್ಲುತ್ತದೆ. ಒಂಟಿ ಎರೆಗೆ ಆಗ ಅದು ಸುಲಭಕ್ಕೆ ಜಗ್ಗುವುದಿಲ್ಲ. ಪುಟ್ಟ ಹಿಂಡೇ ಈಜಿ ಬಂದಂತೆ ಕಂಡರೆ ಬೆನ್ನಟ್ಟುತ್ತದೆ. ಆದರೆ ಆ ಶ್ಯಾಡ್ ಹಿಂಡು ಎಲ್ಲಿದೆ, ಎಷ್ಟು ಆಳದಲ್ಲಿದೆ, ಎಷ್ಟು ನಿಧಾನ ಎಳೆಯಬೇಕು ಎಂದು ಹುಡುಕಬೇಕಾದವನು ಗಾಳದವನೇ. ದಪ್ಪ ದಾರ, ಗಡಸು ಕೋಲು ಹಿಡಿದು ದಿನವಿಡೀ ಎಸೆದರೆ ತೋಳು ಬಿದ್ದುಹೋಗುತ್ತದೆ, ಅದು ಬೇರೆ ಮಾತು. ದೋಣಿಯ ಮುಂದೆ ಮೀನು ಮಿಸುಕಾಡುವುದನ್ನು ಪರದೆಯ ಮೇಲೆ ತೋರಿಸುವ ಸೋನಾರ್‌ಗೆ ವರ್ಷಗಟ್ಟಲೆ ದಾರಿ ಬಿಟ್ಟವರು, ಐದು ತಂತಿ ಕಂಡು ಬೆಚ್ಚುವುದೇಕೆ?

ವಿರೋಧ

ಮೊನೆಯ ಲೆಕ್ಕ ಸರಿಯಿದೆ, ಪ್ರಶ್ನೆ ಅದಲ್ಲ. ಕ್ರ್ಯಾಂಕ್‌ಬೈಟ್‌ನ ಆರೂ ಮೊನೆ ಒಂದೇ ಎರೆಯದು. ಮೀನು ಅದನ್ನು ಕಚ್ಚಬೇಕು, ಆಗ ಸಿಕ್ಕಿಬೀಳಬೇಕು. ಛತ್ರಿಯಲ್ಲಿ ಒಂದು ರಬ್ಬರ್ ಮೀನಿಗೆ ಬಾಯಿ ಹಾಕಿದ ಬಾಸ್‌ನ ಕಣ್ಣಿಗೋ ಹೊಟ್ಟೆಗೋ ಪಕ್ಕದ ತಂತಿಯ ಕೊಕ್ಕೆ ಚುಚ್ಚಬಹುದು. ಹಿಡಿದ ಮೀನನ್ನು ತೂಗಿ ಜೀವಂತ ನೀರಿಗೆ ಬಿಡುವುದೇ ಈ ಪಂದ್ಯಗಳ ಹೆಮ್ಮೆ. ಕಣ್ಣು ಹೋದ ಮೀನನ್ನು ಬಿಟ್ಟರೆಷ್ಟು, ಬಿಡದಿದ್ದರೆಷ್ಟು? ಮುಳುಗಿದ ಮರಕ್ಕೆ ಸಿಕ್ಕಿ ದಾರ ಹರಿದರೆ ತಂತಿ, ರಬ್ಬರ್ ಎಲ್ಲ ಒಟ್ಟಿಗೆ ತಳ ಸೇರುತ್ತವೆ.

ಎರೆಯ ಆಯ್ಕೆ ಈ ಆಟದ ಅರ್ಧ ಜೀವ. ಇವತ್ತು ಬಾಸ್‌ಗೆ ಏನು ರುಚಿಸೀತೆಂದು ಊಹಿಸಿ, ಬೇರೆಲ್ಲ ಬಿಟ್ಟು ಒಂದನ್ನು ಕಟ್ಟುವುದರಲ್ಲೇ ಅನುಭವ ಗೊತ್ತಾಗುವುದು. ಐದನ್ನೂ ಒಟ್ಟಿಗೆ ಎಸೆದವನು ಆ ಪರೀಕ್ಷೆಗೆ ಕೂರಲೇ ಇಲ್ಲ. ಸೋನಾರ್‌ಗೆ ಕೊಟ್ಟ ಸಡಿಲ ತಪ್ಪೆನ್ನುವುದಾದರೆ ಅದನ್ನು ಬಿಗಿ ಮಾಡಿ. ಅದನ್ನೇ ನೆಪಮಾಡಿ ಇನ್ನೊಂದನ್ನು ಸಡಿಲಿಸಬೇಡಿ. ರಜೆಯ ದಿನ ದೋಣಿಯಲ್ಲಿ ಕೂತವನು ತನ್ನ ರಾಜ್ಯದ ನಿಯಮ ಒಪ್ಪಿದಷ್ಟು ಕೊಕ್ಕೆ ಕಟ್ಟಿಕೊಳ್ಳಲಿ, ಯಾರದೂ ಅಡ್ಡಿಯಿಲ್ಲ. ಬಹುಮಾನದ ಹಣ ಇರುವ ಕಡೆ ಮಾತ್ರ ಒಂದು ದಾರಕ್ಕೆ ಒಂದೇ ಎರೆ.