ಬಾಣಂತಿಯ ಜ್ವರ ಯಾರ ಖರ್ಚು?

ಬೆಂಕಿ, ಹಗ್ಗ, ಬಾವಿ. ವರದಕ್ಷಿಣೆ ಸಾವು ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಇವೇ. ಹೆತ್ತ ಒಂಬತ್ತನೆಯ ದಿನ ಜ್ವರದಿಂದ ಸತ್ತವಳನ್ನು ಯಾರೂ ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ.

ನಾನು ಪಾಠ ಹೇಳಿದ್ದು ಇತಿಹಾಸ, ವೈದ್ಯವಲ್ಲ. ಆದರೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೆ ಸತ್ತದ್ದನ್ನು ಹತ್ತಿರದಿಂದ ಕಂಡಿದ್ದೇನೆ. ಎರಡನೆಯದೂ ಹೆಣ್ಣು ಮಗು. ಐದನೆಯ ದಿನಕ್ಕೆ ಚಳಿ, ಜ್ವರ, ಕಿಬ್ಬೊಟ್ಟೆಯಲ್ಲಿ ನೋವು. "ಎದೆಗೆ ಹಾಲು ಕಟ್ಟಿದ ಜ್ವರ" ಎಂದರು ಅತ್ತೆ. ಸ್ರಾವದ ದುರ್ವಾಸನೆ ಬಾಗಿಲವರೆಗೆ ಬರುತ್ತಿತ್ತು; ಸಾಂಬ್ರಾಣಿ ಹೊಗೆ ಹಾಕಿ ಕಿಟಕಿ ಮುಚ್ಚಿದರು. ಆಸ್ಪತ್ರೆಯ ಮಾತು ಬಂದಾಗ, "ಬಾಣಂತನ ತವರಿನ ಖರ್ಚು, ಮದುವೆಯಲ್ಲಿ ಒಪ್ಪಿಕೊಂಡದ್ದೇ ಇನ್ನೂ ಬಾಕಿ ಇದೆ" ಎಂದರು ಗಂಡನ ಮನೆಯವರು. ತವರಿನವರು ಬಡ್ಡಿ ಸಾಲಕ್ಕೆ ಅಲೆದರು. ಹೀಗೆ ಮೂರು ದಿನ ಕಳೆಯಿತು. ಗಾಡಿ ಹತ್ತಿಸುವಾಗ ಅವಳು ಏನೇನೋ ಬಡಬಡಿಸುತ್ತಿದ್ದಳು. "ಬಾಣಂತಿ ಸನ್ನಿ" ಎಂದಿತು ಊರು. ಆ ಒಂದು ಮಾತಿನಿಂದ ಎಲ್ಲರೂ ಪಾರಾದರು. ನಾನೂ ಪಾರಾದೆ. ಜ್ವರ ಬಂದ ಮರುದಿನವೇ ನೋಡಲು ಹೋಗಿದ್ದವಳು ಹಿರಿಯರ ಮಾತಿಗೆ ತಲೆಯಾಡಿಸಿ ಬಂದಿದ್ದೆ.

ಸನ್ನಿಯಲ್ಲ ಗೆಳತಿಯರೇ, ನಂಜು. ಗರ್ಭಕೋಶಕ್ಕೆ, ಹೊಲಿಗೆಗೆ ತಗಲಿದ ಸೋಂಕು ರಕ್ತಕ್ಕೆ ಏರುವುದು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಹೆಂಗಸರನ್ನು ಮುಟ್ಟಬೇಕೆಂದು ಕಟ್ಟುಮಾಡಿದ. ಸಾವು ಇಳಿಯಿತು. ಆದರೂ ಎಷ್ಟೋ ವೈದ್ಯರಿಗೆ ಅವನ ಮೇಲೆ ಸಿಟ್ಟು. ತಮ್ಮ ಕೈಯೇ ಕೊಂದಿತೆಂದು ಒಪ್ಪುವುದು ಸುಲಭವೇ? ನಮ್ಮ ಮನೆಗಳಲ್ಲೂ ಅದೇ ಸಿಟ್ಟು.

ಆರೈಕೆಯೇನು ಬ್ರಹ್ಮವಿದ್ಯೆಯಲ್ಲ. ಮುಟ್ಟುವ ಮೊದಲೂ ಆಮೇಲೂ ಸೋಪಿನಿಂದ ಕೈ ತೊಳೆಯುವುದು. ಬಿಸಿಲಿಗೆ ಒಣಗಿದ ಶುಭ್ರ ಬಟ್ಟೆ, ಅದನ್ನು ಆಗಾಗ ಬದಲಿಸುವುದು. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ. ಮೈ ಬಿಸಿಯೆನಿಸಿದರೆ ಥರ್ಮಾಮೀಟರು ಇಡುವುದು, 100.4 ಡಿಗ್ರಿ ಮುಟ್ಟಿದರೆ ಅಂದೇ ಆಸ್ಪತ್ರೆ. ಅಂಗಡಿಯ ಮಾತ್ರೆ ನುಂಗಿಸಿ ಕಾಯುವ ಕಾಯಿಲೆ ಇದಲ್ಲ, ನರಕ್ಕೆ ಔಷಧ ಹೋಗಬೇಕಾಗಬಹುದು. ಇನ್ನು "ನೀರು ಕುಡಿದರೆ ಹೊಟ್ಟೆ ಬರುತ್ತದೆ" ಎಂಬ ಮಾತು! ಜ್ವರದಲ್ಲಿ ಬೆವರಿ ಬಾಯಿ ಒಣಗಿದವಳಿಗೆ ನೀರು ಕೊಡದಿರುವುದನ್ನು ಸಂಪ್ರದಾಯವೆಂದು ಕರೆಯಲು ನನಗೆ ನಾಲಿಗೆ ಬರುವುದಿಲ್ಲ.

ಖರ್ಚಿನ ಜಗಳವಂತೂ ಶುದ್ಧ ನೆಪ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಊಟ 2011ರಿಂದ ಉಚಿತ; 2014ರಿಂದ ಹೆರಿಗೆಯ ನಂತರದ ತೊಡಕುಗಳಿಗೂ ಚಿಕಿತ್ಸೆ ಉಚಿತ. 108ಕ್ಕೆ ಕರೆ ಮಾಡಿದರೆ ಗಾಡಿಗೂ ದುಡ್ಡು ಕೊಡಬೇಕಿಲ್ಲ. ಹೆಂಡತಿಯ ಆರೋಗ್ಯಕ್ಕೆ ಅಪಾಯ ತರುವುದೂ ದೌರ್ಜನ್ಯವೇ ಎಂದು 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೇಳುತ್ತದೆ. ಹೊಡೆದ ಗುರುತು ಇರಲೇಬೇಕಾಗಿಲ್ಲ.

ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನ ಮನೆಗೆ ಬರಬೇಕು. ಬಂದಾಗ ಎಷ್ಟೋ ಮನೆಗಳಲ್ಲಿ ಮಗುವನ್ನು ಮಾತ್ರ ಹೊರಗೆ ತಂದು ತೋರಿಸಿ ಕಳಿಸುತ್ತಾರೆ. ಸಂಘದ ಇಬ್ಬರು ಜೊತೆಗೆ ಹೋಗಿ, ತಾಯಿಯನ್ನು ನೋಡದೆ ಹೊಸ್ತಿಲು ಬಿಡುವುದಿಲ್ಲವೆಂದು ನಿಲ್ಲಬೇಕು. ನಮ್ಮ ಓಣಿಯ ಸಂಘ ಕಳೆದ ಯುಗಾದಿಗೆ ಒಂದು ಥರ್ಮಾಮೀಟರು ಕೊಂಡಿತು. ಈಗ ಅದು ಕೊನೆಯ ಮನೆಯಲ್ಲಿದೆ. ಅಲ್ಲಿ ಬಾಣಂತಿಗೆ ಹನ್ನೊಂದನೆಯ ದಿನ. ಅವಳ ಅತ್ತೆ ನಮ್ಮೊಡನೆ ಮಾತು ಬಿಟ್ಟಿದ್ದಾರೆ.